ಕಾರ್ ಬ್ಯಾಟರಿ ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು? ‘ಎರಡು ಗಂಟೆ ಸಾಕು’ ಎನ್ನುವ ಫಾರ್ವರ್ಡ್ ನಿಜವೇ?

ಹಬ್ಬಕ್ಕೋ ಬೇಸಿಗೆ ರಜೆಗೋ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದಿರುತ್ತೀರಿ. ಬೇಸ್‌ಮೆಂಟಿನಲ್ಲಿ ನಿಂತ ಕಾರಿನ ಕೀ ತಿರುಗಿಸಿದರೆ ‘ಟಿಕ್ ಟಿಕ್’ ಸದ್ದು ಬಿಟ್ಟು ಬೇರೇನೂ ಇಲ್ಲ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಹತ್ತು ಸಲಹೆಗಳು ಬರುತ್ತವೆ. ಅದರ ಜೊತೆಗೆ, ಎಲ್ಲಿಂದಲೋ ಹರಿದುಬಂದ ಒಂದು ಫಾರ್ವರ್ಡ್ ಕೂಡ.

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯ ಓದುಗರೊಬ್ಬರು ಅಂಥದ್ದೇ ಒಂದು ಸಂದೇಶವನ್ನು ನಮಗೆ ಕಳಿಸಿ ‘ಇದು ನಿಜವೇ?’ ಎಂದು ಕೇಳಿದ್ದಾರೆ. ಸಂದೇಶದ ಸಾರಾಂಶ ಇಷ್ಟು: ಕಾರನ್ನು ನಿಂತಲ್ಲೇ 15 ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಫುಲ್ ಆಗುತ್ತದೆ; ಚಾರ್ಜರ್‌ಗೆ ಹಾಕುವುದಾದರೆ ಯಾವ ಬ್ಯಾಟರಿಗಾದರೂ ಎರಡು ಗಂಟೆ ಸಾಕು; ಅಂಗಡಿಗೆ ದುಡ್ಡು ಕೊಡಬೇಡಿ, ಮನೆಯ ಹಳೆ ಲ್ಯಾಪ್‌ಟಾಪ್ ಚಾರ್ಜರೇ ಆಗುತ್ತದೆ.

ಮೂರೂ ತಪ್ಪು. ಮೊದಲನೆಯದೂ ಮೂರನೆಯದೂ ಅಪಾಯಕಾರಿ ಕೂಡ. ಆದರೆ ‘ಹಾಗಾದರೆ ಎಷ್ಟು ಹೊತ್ತು?’ ಎಂಬ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ಮೂರು ಸಂಖ್ಯೆಗಳು ಗೊತ್ತಿದ್ದರೆ ಐದನೇ ತರಗತಿಯ ಭಾಗಾಕಾರ ಸಾಕು.

ಬ್ಯಾಟರಿಯ ಮೇಲೆ ಬರೆದಿರುವ ಸಂಖ್ಯೆ

ಪೆಟ್ರೋಲ್ ಕಾರಾಗಲಿ ಡೀಸೆಲ್ ಕಾರಾಗಲಿ, ಬಾನೆಟ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟಿನ ಸೀಸ–ಆಮ್ಲದ ಬ್ಯಾಟರಿ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಅದೇ ತಂತ್ರ ಇವತ್ತಿಗೂ ನಡೆಯುತ್ತಿದೆ. ಒಳಗೆ ಆರು ಸೆಲ್‌ಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಹಾಗಾಗಿ ಪೂರ್ತಿ ತುಂಬಿದ ‘12 ವೋಲ್ಟ್’ ಬ್ಯಾಟರಿ ನಿಜಕ್ಕೂ 12.6 ಅಥವಾ 12.7 ವೋಲ್ಟ್ ತೋರಿಸುತ್ತದೆ. ಈ ಅರ್ಧ ವೋಲ್ಟಿನ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ನಮಗೆ ಬೇಕಾದ ಮೊದಲ ಸಂಖ್ಯೆ ಬ್ಯಾಟರಿಯ ಲೇಬಲ್ ಮೇಲೆ ‘ಎ.ಎಚ್.’ ಎಂಬ ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿರುತ್ತದೆ. ಅದು ಆಂಪಿಯರ್–ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಎಂಬ ಅಳತೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇದು ಸಾಮಾನ್ಯವಾಗಿ 35ರ ಆಸುಪಾಸು. ಸ್ವಲ್ಪ ದೊಡ್ಡ ಕಾರುಗಳಲ್ಲಿ 45ರ ಹತ್ತಿರ. ಡೀಸೆಲ್ ಗಾಡಿಗಳಲ್ಲಿ 60, 65 ಅಥವಾ ಇನ್ನೂ ಹೆಚ್ಚು. 35 ಎ.ಎಚ್. ಎಂದರೆ 1.75 ಆಂಪಿಯರ್‌ನಂತೆ 20 ಗಂಟೆ ಕೊಡಬಲ್ಲದು ಎಂದು ಅರ್ಥ. ಲೇಬಲ್ ಮೇಲೆ ‘38ಬಿ20ಎಲ್’ ಥರದ ಇನ್ನೊಂದು ಸಂಕೇತವೂ ಇರಬಹುದು. ಅದರಲ್ಲಿರುವ 38 ಎಂಬುದು ಎ.ಎಚ್. ಅಲ್ಲ, ಗೊಂದಲ ಬೇಡ.

ಎರಡನೆಯ ಸಂಖ್ಯೆ ಚಾರ್ಜರ್ ಮೇಲೆ ಇರುತ್ತದೆ: ಅದು ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದು. ಮನೆಬಳಕೆಯ ಕಾರ್ ಚಾರ್ಜರ್‌ಗಳು ಹೆಚ್ಚಾಗಿ 2ರಿಂದ 8 ಆಂಪಿಯರ್ ಒಳಗೆ ಇರುತ್ತವೆ.

ಮೂರನೆಯದು ಬ್ಯಾಟರಿ ಈಗ ಎಷ್ಟು ಖಾಲಿಯಾಗಿದೆ ಎಂಬುದು. ಜನ ಬಿಟ್ಟುಬಿಡುವುದು ಇದನ್ನೇ. ಎಷ್ಟು ಹಸಿವಿದೆ ಎಂದು ಕೇಳದೆ ಎಷ್ಟು ಬಡಿಸಬೇಕು ಎಂದು ಹೇಳಲು ಬರುವುದಿಲ್ಲವಲ್ಲ?

ಎಷ್ಟು ಖಾಲಿ ಎಂದು ತಿಳಿಯುವುದು ಹೇಗೆ?

ಒಂದು ದಾರಿ, ಏನು ನಡೆಯಿತು ಎಂದು ನೆನಪಿಸಿಕೊಂಡು ಲೆಕ್ಕ ಹಾಕುವುದು. ಹೆಡ್‌ಲೈಟ್ ಆರಿಸಲು ಮರೆತಿರಾ? ಹಳೆಯ ಹ್ಯಾಲೋಜನ್ ಬಲ್ಬ್ ಒಂದಕ್ಕೆ 55 ವ್ಯಾಟ್, ಎರಡಕ್ಕೆ 110, ಹಿಂದಿನ ದೀಪಗಳೂ ಸೇರಿದರೆ 135ರ ಹತ್ತಿರ. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 11 ಆಂಪಿಯರ್. 35 ಎ.ಎಚ್. ಬ್ಯಾಟರಿ ಮೂರು ಗಂಟೆಯಲ್ಲೇ ಮಲಗುತ್ತದೆ. ಬರೀ ಪಾರ್ಕಿಂಗ್ ಲೈಟ್ ಉರಿಯುತ್ತಿದ್ದರೆ ಸುಮಾರು 2 ಆಂಪಿಯರ್. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ 18 ಎ.ಎಚ್. ಹೋಯಿತು, ಅಂದರೆ ಅರ್ಧ ಬ್ಯಾಟರಿ.

ಏನನ್ನೂ ಮರೆತಿಲ್ಲ, ಸುಮ್ಮನೆ ನಿಲ್ಲಿಸಿ ಹೋಗಿದ್ದೆವು ಎನ್ನುತ್ತೀರಾ? ಕಾರು ಆಫ್ ಆಗಿದ್ದರೂ ಅಲಾರಂ, ರಿಮೋಟ್ ಲಾಕ್, ಗಡಿಯಾರ, ಕಂಪ್ಯೂಟರ್ ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 40 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 1 ಎ.ಎಚ್. ಹದಿನೈದು ದಿನದಲ್ಲಿ 15. ಹೊಸ ಬ್ಯಾಟರಿಯಾದರೆ ತಡೆದುಕೊಳ್ಳುತ್ತದೆ. ನಾಲ್ಕು ವರ್ಷ ಹಳೆಯದಾಗಿ, ನಿಜವಾದ ಶಕ್ತಿ 35ರಿಂದ 25ಕ್ಕೆ ಇಳಿದಿದ್ದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಸೆಲ್ಫ್ ಹೊಡೆಯುವುದಿಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಶುರುವಾಗಿ ಕಾರುಗಳು ವಾರಗಟ್ಟಲೆ ನಿಂತಾಗ ಎಷ್ಟೋ ಮನೆಗಳ ಬ್ಯಾಟರಿ ಹೀಗೇ ಮಲಗಿದ್ದವು.

ಇನ್ನೂ ನಂಬಿಕೆಯ ದಾರಿ ಮಲ್ಟಿಮೀಟರ್. ಎಸ್.ಪಿ. ರಸ್ತೆಯಲ್ಲೋ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲೋ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾರು ಕೆಲವು ಗಂಟೆ ನಿಂತ ಮೇಲೆ, ಎಲ್ಲ ಸ್ವಿಚ್ ಆಫ್ ಇರುವಾಗ, ಕೆಂಪು ಕಡ್ಡಿಯನ್ನು ಪ್ಲಸ್‌ಗೂ ಕಪ್ಪನ್ನು ಮೈನಸ್‌ಗೂ ತಾಗಿಸಿ ನೋಡಿ. 12.6 ಅಥವಾ ಮೇಲಿದ್ದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು. 12.2 ಎಂದರೆ ಅರ್ಧ. 12.0 ಎಂದರೆ ಕಾಲು ಭಾಗ ಮಾತ್ರ ಉಳಿದಿದೆ. 11.8ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ತಿಳಿಯಿರಿ.

ಗಮನಿಸಿದಿರಾ? ‘12 ವೋಲ್ಟ್ ಬ್ಯಾಟರಿ, 12 ವೋಲ್ಟ್ ತೋರಿಸ್ತಾ ಇದೆ, ಸರಿಯಾಗೇ ಇದೆಯಲ್ಲ’ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಮುಕ್ಕಾಲು ಖಾಲಿಯಾದ ಬ್ಯಾಟರಿ.

ಗಾಡಿ ಓಡಿಸಿ ಬಂದ ತಕ್ಷಣ ಅಳೆಯಬೇಡಿ. ಆಗ ವೋಲ್ಟೇಜ್ ಸುಳ್ಳೇ ಹೆಚ್ಚು ತೋರಿಸುತ್ತದೆ. ಕಾಯಲು ಆಗದಿದ್ದರೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಹಾಕಿ, ಆರಿಸಿ, ಐದು ನಿಮಿಷ ಬಿಟ್ಟು ನೋಡಿ.

ಈಗ ಲೆಕ್ಕ

ಖಾಲಿಯಾದ ಎ.ಎಚ್. ಅನ್ನು ಚಾರ್ಜರಿನ ಆಂಪಿಯರ್‌ನಿಂದ ಭಾಗಿಸಿ. ಬಂದದ್ದನ್ನು 1.2ರಿಂದ ಗುಣಿಸಿ. ಇಷ್ಟೇ.

ಒಂದು ಉದಾಹರಣೆ ನೋಡೋಣ. 35 ಎ.ಎಚ್. ಬ್ಯಾಟರಿ, ಮೀಟರ್ 12.2 ತೋರಿಸುತ್ತಿದೆ, ಅಂದರೆ ಅರ್ಧ ಖಾಲಿ. ತುಂಬಬೇಕಾದದ್ದು 17.5. ಚಾರ್ಜರ್ 4 ಆಂಪಿಯರ್‌ದು. 17.5 ಭಾಗಿಸು 4 ಎಂದರೆ ಸುಮಾರು 4.4 ಗಂಟೆ. 1.2ರಿಂದ ಗುಣಿಸಿದರೆ ಐದೂಕಾಲು ಗಂಟೆ. ರಾತ್ರಿ ಊಟ ಆದ ಮೇಲೆ ಹಾಕಿದರೆ ಬೆಳಗ್ಗೆ ಕಾಫಿ ಹೊತ್ತಿಗೆ ಸಿದ್ಧ. ಅದೇ ಬ್ಯಾಟರಿ ಪೂರ್ತಿ ಮಲಗಿದ್ದರೆ 35 ಭಾಗಿಸು 4, ಗುಣಿಸು 1.2: ಹತ್ತೂವರೆ ಗಂಟೆ. ಪಕ್ಕದ ಮನೆಯವರ ಡೀಸೆಲ್ ಗಾಡಿಯ 65 ಎ.ಎಚ್. ಬ್ಯಾಟರಿಯನ್ನು ಇದೇ ಚಾರ್ಜರಿಗೆ ಹಾಕಿದರೆ ಹತ್ತೊಂಬತ್ತೂವರೆ ಗಂಟೆ, ಹೆಚ್ಚೂಕಮ್ಮಿ ಒಂದು ಹಗಲು ಒಂದು ರಾತ್ರಿ.

‘ಯಾವ ಬ್ಯಾಟರಿಗಾದರೂ ಎರಡು ಗಂಟೆ’ ಎಂಬ ಮಾತು ಎಷ್ಟು ಪೊಳ್ಳು ಎಂದು ಈ ಮೂರು ಉತ್ತರಗಳೇ ಹೇಳುತ್ತವೆ.

1.2ರಿಂದ ಗುಣಿಸುವುದು ಯಾಕೆ? ನಾವು ತುಂಬುವ ಕರೆಂಟ್ ಅಷ್ಟೂ ಉಳಿಯುವುದಿಲ್ಲ. ಸ್ವಲ್ಪ ಶಾಖವಾಗಿ ಹೋಗುತ್ತದೆ, ಸ್ವಲ್ಪ ಒಳಗಿನ ನೀರನ್ನು ಒಡೆಯಲು ಖರ್ಚಾಗುತ್ತದೆ. ನೂರು ತುಂಬಬೇಕಾದರೆ ನೂರಿಪ್ಪತ್ತು ಕೊಡಬೇಕು ಎಂಬುದು ಒಂದು ಅಂದಾಜು. ಬ್ಯಾಟರಿ ಹಳೆಯದಾದಷ್ಟೂ ನಷ್ಟ ಹೆಚ್ಚು.

ಹಾಗಾದರೆ ದೊಡ್ಡ ಚಾರ್ಜರ್ ಹಾಕಿ ಬೇಗ ಮುಗಿಸಬಹುದಲ್ಲ? ಒಂದು ಮಿತಿಯವರೆಗೆ. ಬ್ಯಾಟರಿಯ ಎ.ಎಚ್.ನ ಹತ್ತನೇ ಒಂದು ಭಾಗದಷ್ಟು ಆಂಪಿಯರ್ ಒಳ್ಳೆಯದು ಎಂಬುದು ಹಳೆಯ ಬ್ಯಾಟರಿ ಅಂಗಡಿಯವರ ನಿಯಮ: 35ಕ್ಕೆ 3.5, 65ಕ್ಕೆ 6.5. ಅವರು ‘ಸ್ಲೋ ಚಾರ್ಜ್, ನಾಳೆ ಬನ್ನಿ’ ಎಂದರೆ ಬೇಸರ ಮಾಡಿಕೊಳ್ಳಬೇಡಿ, ಅದು ಸರಿಯಾದ ಕೆಲಸ. ಎರಡು ಗಂಟೆಯಲ್ಲಿ ಕೊಡುತ್ತೇವೆ ಎನ್ನುವವರು 15–20 ಆಂಪಿಯರ್ ತಳ್ಳುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಪ್ಲೇಟ್‌ಗಳು ಬಿಸಿಯಾಗಿ ಸವೆಯುತ್ತವೆ, ಬ್ಯಾಟರಿ ಪೂರ್ತಿ ತುಂಬಿರುವುದೂ ಇಲ್ಲ. ತುರ್ತಿಗೆ ಒಮ್ಮೆ ಪರವಾಗಿಲ್ಲ, ರೂಢಿಯಾದರೆ ನಷ್ಟ ನಿಮ್ಮದೇ.

ಕೊನೆಯ ಇಪ್ಪತ್ತು ಯಾಕೆ ಇಷ್ಟು ನಿಧಾನ?

ಭಾಗಾಕಾರ ಹೇಳದ ಒಂದು ಸಂಗತಿ ಇದೆ. ಅದಕ್ಕೆ ನಮ್ಮ ಬೆಂಗಳೂರಿನದೇ ಒಳ್ಳೆಯ ಉದಾಹರಣೆ ಸಿಗುತ್ತದೆ.

ಈಗ ಹಳದಿ ಮೆಟ್ರೋ ಹೋಗಿ ನಿಲ್ಲುವ ಬೊಮ್ಮಸಂದ್ರದಲ್ಲಿ ಒಂದು ಕಾಲಕ್ಕೆ ರೇವಾ ಕಾರು ತಯಾರಾಗುತ್ತಿತ್ತು. ಚೇತನ್ ಮೈನಿ ಅವರ ಕಂಪನಿಯ ಆ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಜಯನಗರ, ಜೆ.ಪಿ. ನಗರದ ರಸ್ತೆಗಳಲ್ಲಿ ಅದನ್ನು ಕಂಡವರಿಗೆ ಇನ್ನೂ ನೆನಪಿರಬಹುದು. 2010ರಲ್ಲಿ ಮಹೀಂದ್ರ ಆ ಕಂಪನಿಯ ಹೆಚ್ಚಿನ ಪಾಲು ಕೊಂಡಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಏನೆಂದರೆ, ಮೊದಲ ರೇವಾ ಓಡುತ್ತಿದ್ದದ್ದು ಇವತ್ತಿನ ಲಿಥಿಯಂ ಬ್ಯಾಟರಿಯಿಂದ ಅಲ್ಲ, ಸೀಸ–ಆಮ್ಲದ ಬ್ಯಾಟರಿಗಳಿಂದಲೇ: 6 ವೋಲ್ಟಿನ ಎಂಟು ಬ್ಯಾಟರಿ ಸೇರಿಸಿ 48 ವೋಲ್ಟ್. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್.

ಅದರ ಚಾರ್ಜಿಂಗ್ ಸಮಯ ಎಷ್ಟೆಂದು ಕಂಪನಿ ಹೇಳುತ್ತಿತ್ತು? 80 ಪರ್ಸೆಂಟ್ ಆಗಲು ಎರಡೂವರೆ ಗಂಟೆ. 100 ಪರ್ಸೆಂಟ್ ಆಗಲು ಎಂಟು ಗಂಟೆ.

ಇನ್ನೊಮ್ಮೆ ಓದಿ. ಮೊದಲ ಎಂಬತ್ತಕ್ಕೆ ಎರಡೂವರೆ ಗಂಟೆಯಾದರೆ, ಉಳಿದ ಬರೀ ಇಪ್ಪತ್ತಕ್ಕೆ ಐದೂವರೆ ಗಂಟೆ.

ಬಿಂದಿಗೆಗೆ ನೀರು ಹಿಡಿಯುವಾಗ ಮೊದಲು ನಲ್ಲಿಯನ್ನು ಪೂರ್ತಿ ತಿರುಗಿಸುತ್ತೇವೆ, ನೀರು ಕುತ್ತಿಗೆಗೆ ಬಂದಾಗ ಸಣ್ಣ ಮಾಡುತ್ತೇವೆ, ಇಲ್ಲದಿದ್ದರೆ ಚೆಲ್ಲುತ್ತದೆ. ಬ್ಯಾಟರಿಯೂ ಹಾಗೇ. ಖಾಲಿಯಾದಾಗ ಒಳಗಿನ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟ್ ಕೂತಿರುತ್ತದೆ. ಚಾರ್ಜ್ ಮಾಡುವುದೆಂದರೆ ಅದನ್ನು ಮತ್ತೆ ಸೀಸ ಮತ್ತು ಸೀಸದ ಆಕ್ಸೈಡ್ ಆಗಿ ಬದಲಿಸುವುದು. ಮೊದಮೊದಲು ಬದಲಿಸಲು ಬೇಕಾದಷ್ಟು ಸಲ್ಫೇಟ್ ಇರುತ್ತದೆ, ಕರೆಂಟ್ ಸಲೀಸಾಗಿ ಒಳಗೆ ಹೋಗುತ್ತದೆ. ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿ ಮಾತ್ರ ಉಳಿದಿರುತ್ತದೆ. ಆಗಲೂ ಅದೇ ಜೋರಿನಲ್ಲಿ ತಳ್ಳಿದರೆ ಕರೆಂಟ್ ಹೋಗಿ ನೀರನ್ನು ಒಡೆದು ಹೈಡ್ರೋಜನ್, ಆಕ್ಸಿಜನ್ ಮಾಡುತ್ತದೆ. ಅದಕ್ಕೇ ಒಳ್ಳೆಯ ಚಾರ್ಜರ್ ವೋಲ್ಟೇಜ್ ಸುಮಾರು 14.4 ಮುಟ್ಟಿದಾಗ ಅಲ್ಲೇ ನಿಂತು, ಕರೆಂಟನ್ನು ತಾನೇ ಇಳಿಸುತ್ತಾ ಹೋಗುತ್ತದೆ.

ಆದ್ದರಿಂದ ನಮ್ಮ ಭಾಗಾಕಾರದ ಉತ್ತರಕ್ಕೆ ಇನ್ನೊಂದೆರಡು ಗಂಟೆ ಸೇರಿಸಿಕೊಳ್ಳುವುದು ಕ್ಷೇಮ. ಐದೂಕಾಲು ಎಂದು ಬಂದರೆ ಏಳು ಗಂಟೆ ಎಂದುಕೊಳ್ಳಿ. ಎಂಬತ್ತಕ್ಕೇ ಬಿಚ್ಚಿದರೆ ಏನಾಗುತ್ತದೆ ಎಂದು ಕೇಳಬಹುದು. ಅವತ್ತು ಏನೂ ಆಗುವುದಿಲ್ಲ, ಗಾಡಿ ಓಡುತ್ತದೆ. ಆದರೆ ಪದೇ ಪದೇ ಅರ್ಧಂಬರ್ಧ ತುಂಬಿದ ಬ್ಯಾಟರಿಯಲ್ಲಿ ಉಳಿದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಐದು ವರ್ಷ ಬರಬೇಕಾದದ್ದು ಎರಡೂವರೆಗೆ ಕೈಕೊಡುತ್ತದೆ.

ನಿಂತಲ್ಲೇ ಎಂಜಿನ್ ಓಡಿಸಿದರೆ?

ಫಾರ್ವರ್ಡ್‌ನ ಅತಿ ಜನಪ್ರಿಯ ಭಾಗ ಇದು. ಅಷ್ಟೇ ತಪ್ಪಾದದ್ದೂ ಹೌದು.

ಮೊದಲು ಒಂದು ಸಮಾಧಾನದ ಮಾತು. ಒಮ್ಮೆ ಸೆಲ್ಫ್ ಹೊಡೆದರೆ ಅರ್ಧ ಬ್ಯಾಟರಿ ಖಾಲಿಯಾಗುತ್ತದೆ ಎಂಬ ನಂಬಿಕೆ ಸುಳ್ಳು. 150 ಆಂಪಿಯರ್ ಎಳೆದರೂ ಎರಡು ಸೆಕೆಂಡಿನ ಕೆಲಸ. ಲೆಕ್ಕ ಹಾಕಿದರೆ 0.1 ಎ.ಎಚ್.ಗಿಂತ ಕಡಿಮೆ. ಕೆಲವು ನಿಮಿಷ ಓಡಿಸಿದರೆ ಅದು ವಾಪಸ್ ಬರುತ್ತದೆ. ಆರೋಗ್ಯವಂತ ಬ್ಯಾಟರಿಗೆ ಸ್ಟಾರ್ಟ್ ಮಾಡುವುದು ದೊಡ್ಡ ಖರ್ಚೇ ಅಲ್ಲ.

ಆದರೆ ಈಗಾಗಲೇ ಅರ್ಧ ಖಾಲಿಯಾದ ಬ್ಯಾಟರಿಯನ್ನು ತುಂಬುವುದು ಬೇರೆ ಮಾತು. ಎಂಜಿನ್ ಓಡುವಾಗ ಕರೆಂಟ್ ಮಾಡುವುದು ಆಲ್ಟರ್ನೇಟರ್. ನಮ್ಮ ಮೆಕ್ಯಾನಿಕ್‌ಗಳು ಈಗಲೂ ಡೈನಮೋ ಎನ್ನುತ್ತಾರೆ. ಎಂಜಿನ್ ನಿಧಾನಕ್ಕೆ ತಿರುಗುತ್ತಿದ್ದರೆ ಅದರ ಪೂರ್ತಿ ಶಕ್ತಿ ಬರುವುದಿಲ್ಲ. ಬಂದ ಅಷ್ಟನ್ನೂ ಪೆಟ್ರೋಲ್ ಪಂಪ್, ರೇಡಿಯೇಟರ್ ಫ್ಯಾನ್, ಎ.ಸಿ. ಬ್ಲೋವರ್, ದೀಪಗಳು ಹಂಚಿಕೊಳ್ಳುತ್ತವೆ. ಬ್ಯಾಟರಿಗೆ ಉಳಿಯುವುದು ಚೂರುಪಾರು. 5 ಆಂಪಿಯರ್ ಉಳಿಯಿತು ಎಂದೇ ಇಟ್ಟುಕೊಳ್ಳಿ. 15 ನಿಮಿಷದಲ್ಲಿ ಸೇರುವುದು 1.25 ಎ.ಎಚ್. ನಿಮಗೆ ಬೇಕಾದದ್ದು 17.5.

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಎನ್ನುವವರೂ ಇದೇ ಲೆಕ್ಕ ನೋಡಲಿ. ವಾರದಲ್ಲಿ ಅಲಾರಂ, ಕಂಪ್ಯೂಟರ್ ಕುಡಿದದ್ದು ಸುಮಾರು 7 ಎ.ಎಚ್. ಹತ್ತು ನಿಮಿಷದಲ್ಲಿ ಸೇರಿದ್ದು 1 ಕೂಡ ಇಲ್ಲ. ಪ್ರತಿ ವಾರ ಆರರಷ್ಟು ಸಾಲ ಬೆಳೆಯುತ್ತಲೇ ಹೋಗುತ್ತದೆ, ಮೇಲೆ ಪೆಟ್ರೋಲಿನ ಖರ್ಚು ಬೇರೆ.

ಸಿಗ್ನಲ್‌ಗಳಲ್ಲಿ ನಿಂತು ನಿಂತು ಬಿಳೇಕಹಳ್ಳಿಯಿಂದ ಡೇರಿ ಸರ್ಕಲ್‌ಗೆ ಹೋಗಿಬಂದರೆ? ಮಳೆಯ ಸಂಜೆ ಹೆಡ್‌ಲೈಟ್, ವೈಪರ್, ಎ.ಸಿ. ಎಲ್ಲ ಹಾಕಿಕೊಂಡು ತೆವಳಿದರೆ ಹೆಚ್ಚೇನೂ ತುಂಬುವುದಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಒಂದು ಗಂಟೆ ಗಾಡಿಯಲ್ಲಿ ಕೂತಿದ್ದೆವು ಎಂಬುದಕ್ಕೂ ಒಂದು ಗಂಟೆ ಗಾಡಿ ಓಡಿತು ಎಂಬುದಕ್ಕೂ ಬ್ಯಾಟರಿಯ ದೃಷ್ಟಿಯಲ್ಲಿ ಬಹಳ ವ್ಯತ್ಯಾಸವಿದೆ. ಮೈಸೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಗಂಟೆ ಬಿಡದೆ ಓಡಿಸಿದರೆ ಅರ್ಧ ಖಾಲಿಯಾದ ಬ್ಯಾಟರಿ ಬಹುಮಟ್ಟಿಗೆ ತುಂಬಬಹುದು. ಆಗಲೂ ಕೊನೆಯ ನಿಧಾನದ ಭಾಗ ಉಳಿದೇ ಇರುತ್ತದೆ. ಜಂಪ್ ಸ್ಟಾರ್ಟ್ ಮಾಡಿ ಎಬ್ಬಿಸಿದ ಬ್ಯಾಟರಿ ಕೂಡ ಚಾರ್ಜ್ ಆದ ಬ್ಯಾಟರಿಯಲ್ಲ. ಅದು ಸಾಲ ಮಾಡಿ ಸ್ಟಾರ್ಟ್ ಆಗಿದೆ ಅಷ್ಟೇ, ಮನೆಗೆ ಬಂದ ಮೇಲೆ ಚಾರ್ಜರಿಗೆ ಹಾಕಿ.

ಇದಕ್ಕಿಂತ ಗಂಭೀರವಾದ ಮಾತು: ಮುಚ್ಚಿದ ಬೇಸ್‌ಮೆಂಟಿನಲ್ಲಿ, ಶೆಟರ್ ಎಳೆದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುತ್ತಾ ಕೂರಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಹಿಡಿಯುವ ಜಾಗವನ್ನು ಅದು ಹಿಡಿದುಬಿಡುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಎ.ಸಿ. ಹಾಕಿಕೊಂಡು ಮೊಬೈಲ್ ನೋಡುತ್ತಾ ಕೂತವರಿಗೆ ಏನಾಗುತ್ತಿದೆ ಎಂದೇ ತಿಳಿಯುವುದಿಲ್ಲ. ಬ್ಯಾಟರಿ ಉಳಿಸುವ ಫಾರ್ವರ್ಡ್ ಪ್ರಾಣಕ್ಕೆ ಕುತ್ತಾಗುವುದು ಹೀಗೆ.

ಲ್ಯಾಪ್‌ಟಾಪ್ ಚಾರ್ಜರ್, ಯುಪಿಎಸ್, ಎಪ್ಸಮ್ ಸಾಲ್ಟ್

ಲ್ಯಾಪ್‌ಟಾಪ್ ಚಾರ್ಜರ್ ಕೊಡುವುದು ಸುಮಾರು 19 ವೋಲ್ಟ್. ಬ್ಯಾಟರಿಗೆ ಬೇಕಾದದ್ದು 14.4ಕ್ಕೆ ನಿಲ್ಲುವ ಚಾರ್ಜರ್. ಲ್ಯಾಪ್‌ಟಾಪಿನದಕ್ಕೆ ನಿಲ್ಲುವುದು ಗೊತ್ತಿಲ್ಲ. ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ, ಒಳಗೆ ಕುದಿ ಏಳುತ್ತದೆ, ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಹೈಡ್ರೋಜನ್ 4 ಪರ್ಸೆಂಟ್ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸಿಡಿದರೆ ಮೇಲೆ ಚೆಲ್ಲುವುದು ಸಲ್ಫ್ಯೂರಿಕ್ ಆಮ್ಲ.

ಮನೆಯ ಯುಪಿಎಸ್‌ಗೆ ಕಾರ್ ಬ್ಯಾಟರಿ ಜೋಡಿಸುವ ಉಪಾಯವನ್ನೂ ಕೇಳಿದ್ದೇವೆ. ಅದು 150 ಎ.ಎಚ್. ಟ್ಯೂಬುಲರ್ ಬ್ಯಾಟರಿಗೆಂದು 10–15 ಆಂಪಿಯರ್ ಕೊಡುವ ಯಂತ್ರ. ನಿಮ್ಮ 35 ಎ.ಎಚ್. ಬ್ಯಾಟರಿಗೆ ಅದು ತೀರಾ ಜೋರು. (ಅಂದಹಾಗೆ, ಪವರ್ ಕಟ್ ಆದ ಮೇಲೆ ಯುಪಿಎಸ್ ಬ್ಯಾಟರಿ ತುಂಬಲು ಎಷ್ಟು ಹೊತ್ತು ಎಂಬುದಕ್ಕೂ ಮೇಲಿನ ಭಾಗಾಕಾರವೇ ನಡೆಯುತ್ತದೆ.)

ಸತ್ತ ಬ್ಯಾಟರಿಗೆ ಎಪ್ಸಮ್ ಸಾಲ್ಟ್, ಆಸ್ಪಿರಿನ್ ಮಾತ್ರೆ, ಹೊಸ ಆಸಿಡ್ ಹಾಕಿ ಬದುಕಿಸುವ ವಿಡಿಯೋಗಳನ್ನು ನಂಬಬೇಡಿ. ಆಸ್ಪಿರಿನ್‌ನಿಂದ ಉಂಟಾಗುವ ಅಸಿಟಿಕ್ ಆಮ್ಲ ಪ್ಲೇಟ್‌ಗಳನ್ನೇ ತಿನ್ನುತ್ತದೆ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡವೇ ಬೇಡ. ಆರ್.ಒ. ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ನೆಲದ ಮೇಲೆ ಇಟ್ಟರೆ ಚಾರ್ಜ್ ಸೋರಿಹೋಗುತ್ತದೆ ಎಂಬುದು ಮರದ ಪೆಟ್ಟಿಗೆಯ ಬ್ಯಾಟರಿಗಳ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ.

ಮನೆಯಲ್ಲೇ ಚಾರ್ಜ್ ಮಾಡುವವರಿಗೆ

ಗಾಳಿಯಾಡುವ ಜಾಗ ಇರಲಿ. ಬಾಲ್ಕನಿ ಒಳ್ಳೆಯದು, ಆದರೆ ಅಲ್ಲಿ ತುಳಸಿ ಕಟ್ಟೆಯ ದೀಪವೋ ಊದುಬತ್ತಿಯೋ ಇದ್ದರೆ ಬೇರೆ ಜಾಗ ನೋಡಿ. ಸಿಗರೇಟಂತೂ ಹತ್ತಿರ ಬರಕೂಡದು. ಮಕ್ಕಳ ಕೈಗೆ ಸಿಗದಂತಿರಲಿ. ಸಣ್ಣ ಕಾರಿನ ಬ್ಯಾಟರಿ ಹತ್ತು ಕೆ.ಜಿ. ಆಸುಪಾಸು ತೂಗುತ್ತದೆ. ನೆಟ್ಟಗೆ ಹಿಡಿದು ತನ್ನಿ, ವಾಲಿಸಬೇಡಿ.

ಕಾರಿನಿಂದ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಮತ್ತೆ ಕೂರಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮಕ್ಕೆ ಕಾರಣವಿದೆ: ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿರುತ್ತದೆ. ಮೈನಸ್ ಬಿಚ್ಚದೆ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಚಾರ್ಜರಿನ ಕ್ಲಿಪ್‌ಗಳನ್ನು ಬ್ಯಾಟರಿಗೆ ಹಾಕಿದ ಮೇಲೆ ಗೋಡೆಯ ಸ್ವಿಚ್ ಹಾಕಿ; ಮುಗಿದಾಗ ಸ್ವಿಚ್ ಆರಿಸಿದ ಮೇಲೆ ಕ್ಲಿಪ್ ತೆಗೆಯಿರಿ. ಸ್ಟಾರ್ಟ್–ಸ್ಟಾಪ್ ಇರುವ ಹೊಸ ಕಾರುಗಳಲ್ಲಿ ಎ.ಜಿ.ಎಂ. ಅಥವಾ ಇ.ಎಫ್.ಬಿ. ಎಂಬ ಬಗೆಯ ಬ್ಯಾಟರಿ ಇರಬಹುದು, ಲೇಬಲ್ ನೋಡಿ ಚಾರ್ಜರಿನಲ್ಲಿ ಅದೇ ಮೋಡ್ ಆರಿಸಿ. ಆಮ್ಲ ಮೈಮೇಲೆ ಬಿದ್ದರೆ ತಕ್ಷಣ ಧಾರಾಳವಾಗಿ ನೀರು ಹರಿಸಿ. ಕಣ್ಣಿಗೆ ಬಿದ್ದರೆ ಕನಿಷ್ಠ 15–20 ನಿಮಿಷ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ.

ಕರೆಂಟ್ ಬಿಲ್ಲಿನ ಚಿಂತೆ ಬೇಡ. 12 ಗುಣಿಸು 35 ಎಂದರೆ 420 ವ್ಯಾಟ್–ಅವರ್, ಅರ್ಧ ಯೂನಿಟ್ ಕೂಡ ಆಗಲಿಲ್ಲ. ನಷ್ಟ ಸೇರಿಸಿದರೂ ಒಂದು ಯೂನಿಟ್ ದಾಟುವುದಿಲ್ಲ.

ಚಾರ್ಜರ್ ತಾನೇ ನಿಲ್ಲಿಸುತ್ತದೆ, ಲೆಕ್ಕ ಯಾಕೆ?

ಒಳ್ಳೆಯ ಪ್ರಶ್ನೆ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗಳು ತಾವಾಗಿ ನಿಲ್ಲುವುದಿಲ್ಲ. ಅವುಗಳಿಗೆ ಲೆಕ್ಕ ಬೇಕೇ ಬೇಕು, ಗಡಿಯಾರ ನೋಡಿ ನೀವೇ ಆರಿಸಬೇಕು. ಈಗಿನ ಸ್ಮಾರ್ಟ್ ಚಾರ್ಜರ್‌ಗಳಲ್ಲಿ ಹಸಿರು ದೀಪ ಬರುತ್ತದೆ. ಆದರೆ ಆ ದೀಪ ಹೇಳುವುದು ನಿಜವೋ ಅಲ್ಲವೋ ಎಂದು ತಿಳಿಯುವುದು ನಿಮ್ಮ ಲೆಕ್ಕದಿಂದಲೇ.

ಪೂರ್ತಿ ಖಾಲಿಯಾದ ಬ್ಯಾಟರಿಗೆ ಹತ್ತು ಗಂಟೆ ಬೇಕು ಎಂದು ಲೆಕ್ಕ ಹೇಳುತ್ತದೆ, ಒಂದೂವರೆ ಗಂಟೆಗೇ ಹಸಿರು ದೀಪ ಬಂತು ಎನ್ನಿ. ಖುಷಿಪಡಬೇಡಿ. ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಕರೆಂಟ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ ಎಂಬ ಸೂಚನೆ ಅದು. ತುಂಬಿದ್ದು ಬಿಂದಿಗೆಯಲ್ಲ, ಲೋಟ. ತದ್ವಿರುದ್ಧವಾಗಿ, ಹತ್ತು ಗಂಟೆಯ ಜಾಗದಲ್ಲಿ ಹದಿನೆಂಟಾದರೂ ದೀಪ ಬಾರದೆ, ಬ್ಯಾಟರಿ ಮುಟ್ಟಿದರೆ ಸುಡುತ್ತಿದ್ದರೆ ಒಳಗೆ ಒಂದು ಸೆಲ್ ಶಾರ್ಟ್ ಆಗಿರಬಹುದು. ಕೂಡಲೇ ಸ್ವಿಚ್ ಆರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೂ ಅದೇ ಮಾಡಿ.

ಚಾರ್ಜ್ ಆದ ಮೇಲೆ ಒಂದು ರಾತ್ರಿ ಸುಮ್ಮನೆ ಬಿಟ್ಟು ಅಳೆದು ನೋಡಿ. 12.6 ಇದ್ದರೆ ಬ್ಯಾಟರಿಯಲ್ಲಿ ಜೀವವಿದೆ. 12.3ಕ್ಕೆ ಇಳಿದಿದ್ದರೆ ಆಯಸ್ಸು ಮುಗಿಯುತ್ತಾ ಬಂದಿದೆ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ? 12.6ರಲ್ಲಿ 2.1 ಕಳೆದು ನೋಡಿ. ಆರರಲ್ಲಿ ಒಂದು ಸೆಲ್ ಹೋಗಿದೆ ಎಂದರ್ಥ, ಇನ್ನು ಎಷ್ಟು ಗಂಟೆ ಹಾಕಿದರೂ ಬಾರದು. ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ ಖಚಿತ ಮಾಡಿಕೊಳ್ಳಿ, ವಾರಂಟಿ ಕಾರ್ಡ್ ಜೊತೆಗಿರಲಿ. ‘ಬ್ಯಾಟರಿ ಹೋಯ್ತು, ಹೊಸದು ಹಾಕಿ’ ಎಂದು ಯಾರಾದರೂ ನೋಡಿದ ಕೂಡಲೇ ಹೇಳಿದರೆ, ಮೊದಲು ಪೂರ್ತಿ ಚಾರ್ಜ್ ಮಾಡಿ ಆಮೇಲೆ ಟೆಸ್ಟ್ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ. ಖಾಲಿ ಬ್ಯಾಟರಿ ಯಾವ ಟೆಸ್ಟಿನಲ್ಲೂ ಪಾಸಾಗುವುದಿಲ್ಲ. ಬರೀ ಚಾರ್ಜ್ ಇಲ್ಲದ್ದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಕೊಂಡವರು ಕಡಿಮೆಯಿಲ್ಲ.

ಬ್ಯಾಟರಿಯ ದೊಡ್ಡ ಶತ್ರು ಬಿಸಿ. ರಾಯಚೂರು, ಕಲಬುರಗಿಯ ಬೇಸಿಗೆಗೆ ಹೋಲಿಸಿದರೆ ಬೆಂಗಳೂರಿನ ಹವೆ ಬ್ಯಾಟರಿಗೆ ಒಳ್ಳೆಯದೇ. ಇಲ್ಲಿ ಅದು ಬೇಗ ಸಾಯುವುದಾದರೆ ಸಣ್ಣ ಸಣ್ಣ ಓಡಾಟ, ಉದ್ದದ ಟ್ರಾಫಿಕ್, ವಾರಗಟ್ಟಲೆ ನಿಲ್ಲಿಸಿಡುವುದರ ಮೇಲೆ ಅನುಮಾನ ಪಡಬೇಕು. ಎರಡು ವಾರಕ್ಕಿಂತ ಹೆಚ್ಚು ಊರಿಗೆ ಹೋಗುವುದಾದರೆ ಮೈನಸ್ ಟರ್ಮಿನಲ್ ಬಿಚ್ಚಿಟ್ಟು ಹೋಗಿ. ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ, ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಊರಲ್ಲೇ ಇದ್ದು ಕಾರು ತೆಗೆಯದವರು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕನಕಪುರ ರಸ್ತೆಯ ಕಡೆ ಓಡಿಸಿಕೊಂಡು ಬರಬಹುದು. ಭಾನುವಾರ ಬೆಳಗ್ಗೆ ಆದರೆ ಇನ್ನೂ ಒಳ್ಳೆಯದು.

ಎಲೆಕ್ಟ್ರಿಕ್ ಕಾರಿಗೂ ಇದೇ ಲೆಕ್ಕವೇ?

ಹೌದು, ಅಳತೆ ಮಾತ್ರ ಬೇರೆ. ಅಲ್ಲಿ ಎ.ಎಚ್. ಬದಲು ಕಿಲೋವ್ಯಾಟ್–ಅವರ್, ಅಂದರೆ ಬೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. 30 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ಮನೆಯ 15 ಆಂಪಿಯರ್ ಸಾಕೆಟ್‌ಗೆ (ಸುಮಾರು 3.3 ಕಿಲೋವ್ಯಾಟ್) ಹಾಕಿದರೆ 30 ಭಾಗಿಸು 3.3, ಒಂಬತ್ತು ಗಂಟೆಗೆ ಮೇಲೆ. 7.2 ಕಿಲೋವ್ಯಾಟ್ ಚಾರ್ಜರಿಗೆ ನಾಲ್ಕು–ಐದು ಗಂಟೆ. ರಸ್ತೆಬದಿಯ ಫಾಸ್ಟ್ ಚಾರ್ಜರ್‌ಗಳು ‘80 ಪರ್ಸೆಂಟ್‌ಗೆ ಇಷ್ಟು ನಿಮಿಷ’ ಎಂದೇ ಯಾಕೆ ಬರೆಯುತ್ತವೆ ಎಂದು ರೇವಾದ ಲೆಕ್ಕ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ರಸಾಯನ ಬೇರೆಯಾದರೂ ಲಿಥಿಯಂನಲ್ಲೂ ಕೊನೆಯ ಭಾಗ ನಿಧಾನವೇ.

ಒಂದು ವಿಷಯ ಮಾತ್ರ ಎಷ್ಟೋ ಇ.ವಿ. ಮಾಲೀಕರಿಗೆ ಗೊತ್ತಿರುವುದಿಲ್ಲ. ಅವರ ಕಾರಿನಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಸಾಮಾನ್ಯವಾಗಿ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇರುತ್ತದೆ. ಲಾಕ್, ಕಂಪ್ಯೂಟರ್, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ ಎಲ್ಲಕ್ಕೂ ಅದೇ ಆಧಾರ. ಅದು ಮಲಗಿದರೆ ದೊಡ್ಡ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೂ ಕಾರು ಏಳುವುದಿಲ್ಲ.

ಕೊನೆಗೆ ಬ್ಯಾಟರಿ ನಿಜಕ್ಕೂ ಸತ್ತಿದೆ ಎಂದಾದರೆ ಗುಜರಿಯವರಿಗೆ ಕೊಡಬೇಡಿ, ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಡಿ. ಹಳೆಯದಕ್ಕೆ ಬೆಲೆಯಲ್ಲಿ ಕಡಿತ ಸಿಗುತ್ತದೆ. ಹಳೆ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆ ಮಾಡಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೇ ಹಾಕಿವೆ. ಗಲ್ಲಿಯಲ್ಲಿ ಒಡೆದು ಸೀಸ ಕರಗಿಸುವ ಕಡೆ ಆಮ್ಲ ಚರಂಡಿಗೂ ಸೀಸದ ಹೊಗೆ ಸುತ್ತಲ ಮಕ್ಕಳ ಮೈಗೂ ಸೇರುತ್ತದೆ.